ಬಲಗೆನ್ನೆ ಮತ್ತು ಹಿಟ್ಟಿನ ಹುಂಜ: ಹಿಂಸೆ, ಅಹಿಂಸೆ ಕುರಿತು ಒಂದು ಅಧ್ಯಯನ ಟಿಪ್ಪಣಿ

ಹಿಂಸೆ, ಅಹಿಂಸೆ ಬಗ್ಗೆ ಕ್ರೈಸ್ತ, ಹಿಂದೂ ನಿಲುವುಗಳನ್ನು ಹೋಲಿಸಿ ಎಂಬ ಪ್ರಶ್ನೆಗೆ ಹೋದ ಸೆಮಿಸ್ಟರಿನ ಟೆಸ್ಟಿನಲ್ಲಿ ನನಗೆ ಬಂದದ್ದು 10ಕ್ಕೆ 4. ಯೇಸು ಇನ್ನೊಂದು ಕೆನ್ನೆ ತೋರಿಸು ಅಂದ, ಕೃಷ್ಣ ಗಾಂಡೀವ ಎತ್ತು ಅಂದ. ಹಾಗಾಗಿ ಕ್ರೈಸ್ತರದು ಅಹಿಂಸೆ, ಹಿಂದೂಗಳದು ಕರ್ತವ್ಯದ ಯುದ್ಧ ಎಂದು ಎರಡು ಪುಟ ಗೀಚಿದ್ದೆ. ಸರ್ ಬಯ್ಯಲಿಲ್ಲ. ಅಂಚಿನಲ್ಲಿ ಕೆಂಪು ಪೆನ್ನಿನಿಂದ ‘ಯೆಹೋಶುವ? ಪತಂಜಲಿ?’ ಎಂದು ಎರಡೇ ಹೆಸರು ಬರೆದು ವಾಪಸ್ ಕೊಟ್ಟರು. ಆ ಹೆಸರುಗಳ ಬೆನ್ನು ಹತ್ತಿದಾಗ ಮಾಡಿಕೊಂಡ ಟಿಪ್ಪಣಿ ಇದು. ನಿಮ್ಮಲ್ಲೂ ಕೆಲವರು ನನ್ನ ಹಾಗೇ ಬರೆದಿರುತ್ತೀರಿ ಅನ್ನುವ ಧೈರ್ಯದ ಮೇಲೆ ಹಂಚಿಕೊಳ್ಳುತ್ತಿದ್ದೇನೆ.

ಮೊದಲು ಯೆಹೋಶುವ. ಬೈಬಲಿನ ಹಳೆಯ ಒಡಂಬಡಿಕೆಯ ಈ ಪುಸ್ತಕದ ಆರನೇ ಅಧ್ಯಾಯದಲ್ಲಿ, ಯೆಹೋಶುವನ ಹಿಂದೆ ಬಂದ ಇಸ್ರಾಯೇಲರ ಮುಂದೆ ಯೆರಿಕೋ ಪಟ್ಟಣದ ಗೋಡೆ ಬೀಳುತ್ತದೆ. ಆಮೇಲೆ ಗಂಡಸರು, ಹೆಂಗಸರು, ಸಣ್ಣವರು, ಮುದುಕರು, ಕಡೆಗೆ ದನ, ಕುರಿ, ಕತ್ತೆ ಎಲ್ಲವೂ ಕತ್ತಿಗೆ ತುತ್ತು. ಇಸ್ರಾಯೇಲರ ಗೂಢಚಾರರನ್ನು ಬಚ್ಚಿಟ್ಟಿದ್ದ ರಾಹಾಬಳ ಮನೆಯವರಷ್ಟೇ ಉಳಿಯುತ್ತಾರೆ. ಹತ್ತು ಆಜ್ಞೆಗಳಲ್ಲಿ ‘ಕೊಲ್ಲಬೇಡ’ ಅಂತ ಇದೆಯಲ್ಲ ಎಂದು ನಾನೂ ವಾದ ಹೂಡಿದ್ದೆ. ಆದರೆ ಅಲ್ಲಿರುವ ಹೀಬ್ರೂ ಶಬ್ದ ಯುದ್ಧದಲ್ಲಿ ಕೊಲ್ಲುವುದಕ್ಕೆ ಸಾಮಾನ್ಯವಾಗಿ ಬಳಸುವಂಥದ್ದಲ್ಲ. ನಮ್ಮ ಹಳೆಯ ಕನ್ನಡ ಬೈಬಲ್ ಅದನ್ನು ‘ನರಹತ್ಯ’ ಎಂದಿದೆ, ಅದೇ ಸರಿ ಅನ್ನಿಸುತ್ತದೆ. ಕುರಿ, ಕೋಳಿಯ ಮಾತು ಆ ಆಜ್ಞೆಯಲ್ಲಿಲ್ಲ. ‘ಕಣ್ಣಿಗೆ ಕಣ್ಣು’ ಅನ್ನುವುದನ್ನೂ ನಾವು ಉಲ್ಟಾ ಓದುತ್ತೇವೆ: ಒಂದು ಕಣ್ಣಿಗೆ ಒಂದೇ ಕಣ್ಣು, ಇಡೀ ಮನೆತನ ತೆಗೆಯುವ ಹಾಗಿಲ್ಲ ಎಂದು ಸೇಡಿಗೆ ಹಾಕಿದ ಬೇಲಿ ಅದು.

ಹೊಸ ಒಡಂಬಡಿಕೆಯನ್ನು ನನಗೆ ಕಲಿಸಿದವರು ರೂಮ್‌ಮೇಟಿನ ಅಜ್ಜಿ. ಕ್ರೈಸ್ತ ಧರ್ಮಪ್ರಚಾರಕರಾದ ಬಾಸೆಲ್ ಮಿಷನ್ನಿನವರು ಗದಗಿನ ಬೆಟಗೇರಿಗೆ 1841ರಲ್ಲಿ ಬಂದರು. ಅಜ್ಜಿಯದು ಬೆಟಗೇರಿಯ ಹಳೆಯ ಕ್ರೈಸ್ತ ಮನೆತನ. ರವಿವಾರ ಹೋದಾಗ ಅಜ್ಜಿ ಬುಟ್ಟಿಯಲ್ಲಿ ಚುರುಮುರಿ ಕಲಸುತ್ತಿದ್ದರು. ‘ಅಜ್ಜಿ, ಕಪಾಳಕ್ಕ ಹೊಡದ್ರ ಸುಮ್ನ ಇನ್ನೊಂದು ತೋರಸಬೇಕೇನ್ರಿ?’ ಎಂದೆ.

‘ಯೇಸುಸ್ವಾಮಿಗೂ ಹೊಡದ್ರಪಾ. ಮಹಾಯಾಜಕನ ಮುಂದ ನಿಂದ್ರಿಸಿದಾಗ ಅಲ್ಲಿ ಓಲೇಕಾರ ಒಬ್ಬ ಕಪಾಳಕ್ಕ ಬಿಗದ. ಸ್ವಾಮಿ ಇನ್ನೊಂದು ಕಪಾಳ ತೋರಿಸಿದ್ನೇನು? ನಾ ತಪ್ಪು ಮಾತಾಡಿದ್ರ ಏನು ತಪ್ಪು ಹೇಳು, ಇಲ್ಲಂದ್ರ ನನ್ನ ಯಾಕ ಹೊಡದಿ ಅಂತ ಕೇಳಿದ. ಯೋಹಾನ ಹದಿನೆಂಟು ತಗದು ನೋಡು, ತಮ್ಮಾ.’

ನೋಡಿದೆ. 22, 23ನೇ ವಚನ. ಹಾಗೇ ಇದೆ. ಆಮೇಲೆ ಇನ್ನೊಂದು ಕೆನ್ನೆಯ ಮಾತಿರುವ ಮತ್ತಾಯ 5:39ಕ್ಕೆ ಮರಳಿದರೆ ಮೊದಲು ಕಣ್ಣಿಗೆ ಬೀಳದ ಒಂದು ಮಾತು ಬಿತ್ತು: ‘ಬಲ’ಗೆನ್ನೆ. ಎದುರಿಗೆ ನಿಂತವನು ಬಲಗೈ ಬೀಸಿದರೆ ಏಟು ಬೀಳುವುದು ಎಡಗೆನ್ನೆಗೆ. ಬಲಗೆನ್ನೆಗೆ ಬೀಳಬೇಕಾದರೆ ಕೈ ತಿರುವಿ, ಹಿಂಗೈಯಿಂದ ಹೊಡೆಯಬೇಕು. ಅದು ಹೊಡೆದಾಟದ ಏಟಲ್ಲ, ಯಜಮಾನ ಆಳಿಗೆ ಕೊಡುವ ಅವಮಾನದ ಏಟು ಎಂದು ಕೆಲವು ವ್ಯಾಖ್ಯಾನಕಾರರು ಓದುತ್ತಾರೆ. ರೂಮಿನಲ್ಲಿ ನಾವಿಬ್ಬರೂ ಎದುರುಬದುರು ನಿಂತು ನಿಧಾನವಾಗಿ ಕೈ ಆಡಿಸಿ ನೋಡಿದೆವು, ಲೆಕ್ಕ ಸರಿಯಾಗಿದೆ. ಹಾಗಾದರೆ ಇನ್ನೊಂದು ಕೆನ್ನೆ ತೋರಿಸುವುದು ಶರಣಾಗತಿಯಲ್ಲ, ‘ಹೊಡೆಯುವುದಾದರೆ ಸಮಾನನೆಂದು ಹೊಡೆ’ ಅನ್ನುವ ಸೆಟೆದ ನಿಲುವು. ಇದೇ ಮಾತಿನ ಲೂಕನ ಪಾಠದಲ್ಲಿ ‘ಬಲ’ ಅನ್ನುವುದಿಲ್ಲ, ಆದ್ದರಿಂದ ಇದನ್ನು ಕಟ್ಟಕಡೆಯ ಅರ್ಥ ಅಂತ ಬರೆಯಬೇಡಿ.

ಲೂಕ 22ನೇ ಅಧ್ಯಾಯ ಇನ್ನೂ ತೊಡಕಿನದು. ಕತ್ತಿ ಇಲ್ಲದವನು ಬಟ್ಟೆ ಮಾರಿಯಾದರೂ ಕೊಳ್ಳಲಿ ಎಂದ ಯೇಸುವೇ ಸ್ವಲ್ಪ ಹೊತ್ತಿಗೆ, ಶಿಷ್ಯ ಕತ್ತರಿಸಿದ ಆಳಿನ ಕಿವಿ ಮುಟ್ಟಿ ವಾಸಿ ಮಾಡುತ್ತಾನೆ. ಮೊದಲ ಶತಮಾನಗಳ ತೆರ್ತುಲಿಯನ್, ಒರಿಗೆನ್ ಅಂಥ ಕ್ರೈಸ್ತ ಚಿಂತಕರು ಕಿವಿಯ ಕಡೆ ನಿಂತು, ಕ್ರೈಸ್ತನಿಗೆ ಸೈನ್ಯ ಸಲ್ಲದು ಎಂದರು. ನಾಲ್ಕನೇ ಶತಮಾನದಲ್ಲಿ ರೋಮಿನ ಕಾನ್‌ಸ್ಟಂಟೈನ್ ಚಕ್ರವರ್ತಿ ಈ ಧರ್ಮದ ಕಡೆ ವಾಲಿದ ಮೇಲೆ ಗಾಳಿ ತಿರುಗಿತು. ಕ್ರೈಸ್ತ ಧರ್ಮಶಾಸ್ತ್ರಜ್ಞ ಅಗಸ್ಟೀನ್ ನ್ಯಾಯದ ಯುದ್ಧ ಎಂಬ ಮಾತಿಗೆ ಬುನಾದಿ ಹಾಕಿದ, 13ನೇ ಶತಮಾನದ ಥಾಮಸ್ ಅಕ್ವಿನಾಸ್ ಅದಕ್ಕೆ ಮೂರು ಷರತ್ತು ಕೊಟ್ಟ: ಅಧಿಕಾರ ಇರುವವನೇ ಸಾರಬೇಕು, ಕಾರಣ ನ್ಯಾಯದ್ದಿರಬೇಕು, ಉದ್ದೇಶ ನೆಟ್ಟಗಿರಬೇಕು. 1095ರಲ್ಲಿ ಪೋಪ್ ಕರೆ ಕೊಟ್ಟ ಶಿಲುಬೆ ಯುದ್ಧ (ಕ್ರುಸೇಡ್) ಅಗಸ್ಟೀನ್, ಅಕ್ವಿನಾಸ್ ಇಬ್ಬರ ಕಾಲದ ನಡುವೆ ಬರುತ್ತದೆ. ಮೆನೊನೈಟರು, ಕ್ವೇಕರರಂಥ ಕೆಲವು ಕ್ರೈಸ್ತ ಪಂಗಡದವರು ಮಾತ್ರ ಕತ್ತಿ ಮುಟ್ಟುವುದಿಲ್ಲ ಎಂದು ಹಟ ಹಿಡಿದು ಉಳಿದರು.

ಈಗ ಪತಂಜಲಿ. ಪತಂಜಲಿಯ ಯೋಗಸೂತ್ರದ ಐದು ಯಮಗಳಲ್ಲಿ, ಅಂದರೆ ಯೋಗಿ ಪಾಲಿಸಬೇಕಾದ ಸಂಯಮಗಳಲ್ಲಿ, ಮೊದಲನೆಯದೇ ಅಹಿಂಸೆ (2.30). ಗಮ್ಮತ್ತು ಇರುವುದು ಮುಂದಿನ ಸೂತ್ರದಲ್ಲಿ: ಜಾತಿ, ದೇಶ, ಕಾಲ, ಸಮಯಗಳ ಮಿತಿ ಇಲ್ಲದಿದ್ದರೆ ಮಾತ್ರ ಅದು ಮಹಾವ್ರತ. (ಇಲ್ಲಿ ‘ಸಮಯ’ ಅಂದರೆ ಗಡಿಯಾರದ ಟೈಮ್ ಅಲ್ಲ, ಕಟ್ಟಳೆ. ನಾನು ಇದರಲ್ಲೂ ಎಡವಿದ್ದೆ.) ಈ ಸೂತ್ರಗಳ ಹಳೆಯ ವ್ಯಾಖ್ಯಾನವಾದ ವ್ಯಾಸಭಾಷ್ಯ ಉದಾಹರಣೆ ಕೊಡುತ್ತದೆ. ಮೀನುಗಾರ ಮೀನು ಬಿಟ್ಟು ಬೇರೇನೂ ಕೊಲ್ಲುವುದಿಲ್ಲ, ಅದು ಜಾತಿಯ (ಅಂದರೆ ಯಾವ ಬಗೆಯ ಜೀವಿ ಅನ್ನುವುದರ) ಮಿತಿ. ತೀರ್ಥದಲ್ಲಿ ಕೊಲ್ಲುವುದಿಲ್ಲ, ದೇಶದ ಮಿತಿ. ಚತುರ್ದಶಿಯಂದು ಕೊಲ್ಲುವುದಿಲ್ಲ, ಕಾಲದ ಮಿತಿ. ಇದು ನನಗೆ ತಟ್ಟನೆ ಹೊಳೆಯಿತು, ಯಾಕೆಂದರೆ ನಮ್ಮ ಮನೆಯಲ್ಲಿ ಶ್ರಾವಣ ಪೂರ್ತಿ ಮಟನ್ ಬಂದ್, ಮುಗಿದ ಮೊದಲ ರವಿವಾರ ಅಪ್ಪ ಬೆಳಗ್ಗೆಯೇ ಚೀಲ ಹಿಡಿದು ಸಾಲಿನಲ್ಲಿ. ಕಡೆಯ ಉದಾಹರಣೆ ಕ್ಷತ್ರಿಯನದು: ಯುದ್ಧದಲ್ಲಿ ಮಾತ್ರ ಕೊಲ್ಲುತ್ತೇನೆ ಅನ್ನುವುದು ಕಟ್ಟಳೆಯ ಮಿತಿ. ಅಂದರೆ ಅರ್ಜುನ ನಿಂತಿದ್ದ ಜಾಗ ಯೋಗಿಯ ಲೆಕ್ಕದಲ್ಲಿ ಒಂದು ಮೆಟ್ಟಿಲು ಕೆಳಗೆ. ಎರಡನೇ ಅಧ್ಯಾಯದಲ್ಲಿ ಯುದ್ಧ ಮಾಡು ಅನ್ನುವ ಗೀತೆ, 16ನೆಯದರಲ್ಲಿ ಅಹಿಂಸೆಯನ್ನು ದೈವೀ ಸಂಪತ್ತಿನ ಪಟ್ಟಿಗೆ ಸೇರಿಸುತ್ತದೆ. ಸರ್ ಯಾಕೆ ಆ ಹೆಸರು ಬರೆದರು ಎಂದು ಆಗ ತಿಳಿಯಿತು.

ಒಂದು ಎಚ್ಚರಿಕೆ. ‘ಅಹಿಂಸಾ ಪರಮೋ ಧರ್ಮಃ’ ಮಹಾಭಾರತದ ಅನುಶಾಸನ ಪರ್ವದಲ್ಲಿದೆ. ವಾಟ್ಸಾಪಿನಲ್ಲಿ ಅದರ ಬಾಲಕ್ಕೆ ಅಂಟಿಸಿಕೊಂಡು ಬರುವ ‘ಧರ್ಮಹಿಂಸಾ ತಥೈವ ಚ’ ಅಲ್ಲಿಲ್ಲ. ಹಿಂಸೆಗೆ ಸಮರ್ಥನೆ ಬೇಕಿದ್ದರೆ ಅಸಲಿ ಪಠ್ಯದಲ್ಲೇ ಸಿಗುತ್ತದೆ, ಯಜ್ಞದಲ್ಲಿ ಕೊಂದದ್ದು ಕೊಲೆಯಲ್ಲ ಎಂದು ಮನುಸ್ಮೃತಿಯೇ ಹೇಳುತ್ತದೆ (5.39). ಅದಕ್ಕೆ ನೇರ ಉತ್ತರ ಬೇಕೆಂದರೆ ಬಸವಣ್ಣನವರ ವಚನ ಓದಿ, ಬಲಿಗೆ ಕಟ್ಟಿದ ಹೋತಕ್ಕೆ ‘ವೇದವನೋದಿದವರ ಮುಂದೆ ಅಳು ಕಂಡಾ’ ಅನ್ನುತ್ತಾರೆ. ವಚನಗಳನ್ನು ಹಿಂದೂ ಅನ್ನುವ ಕಾಲಂನಲ್ಲಿ ಹಾಕಬೇಕೇ ಅನ್ನುವುದು ನಮ್ಮ ಸೀಮೆಯಲ್ಲಿ ಬೇರೆಯೇ ಜಗಳ, ಅದನ್ನು ಇಲ್ಲಿ ಎಬ್ಬಿಸುವುದಿಲ್ಲ.

ಮಾಧ್ವ ಪರಂಪರೆ ಯಜ್ಞಕ್ಕೆ ಹಿಟ್ಟಿನ ಪಶು ಸಾಕು ಎಂದಿತು. ಜೈನ ಕವಿ ಜನ್ನ 1209ರಲ್ಲಿ ಬರೆದ ಯಶೋಧರ ಚರಿತೆಯಲ್ಲಿ ಅದೂ ಸಾಲದು: ತಾಯಿಯ ಮಾತಿಗೆ ಕಟ್ಟುಬಿದ್ದ ಅರಸ ಹಿಟ್ಟಿನ ಹುಂಜ ಕಡಿಯುತ್ತಾನೆ, ಹುಂಜ ಕೂಗುತ್ತದೆ, ತಾಯಿ ಮಗ ಇಬ್ಬರೂ ಜನ್ಮಜನ್ಮ ಪ್ರಾಣಿಗಳಾಗಿ ಅಲೆಯುತ್ತಾರೆ. ಕೊಲ್ಲುವ ಸಂಕಲ್ಪವೇ ಕೊಲೆ. ಸಹೋದರನ ಮೇಲೆ ಸಿಟ್ಟು ಇಟ್ಟುಕೊಂಡವನೂ ನ್ಯಾಯತೀರ್ಪಿಗೆ ಗುರಿ ಎಂಬ ಮತ್ತಾಯ 5:22ಕ್ಕೆ ಜೋಡಿ ಬೇಕಿದ್ದರೆ ನಾನು ಗೀತೆಯ ಬದಲು ಈ ಹುಂಜವನ್ನೇ ಇಡುತ್ತೇನೆ. ಹಿಂದೂ ಅಹಿಂಸೆ ಜೈನರಿಗೆ ಎಷ್ಟು ಸಾಲ ತೀರಿಸಬೇಕು ಅನ್ನುವುದು ಲಕ್ಕುಂಡಿಯ ಬಸದಿ ನೋಡಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ.

ನನಗೆ ಕಂಡ ನಿಜವಾದ ವ್ಯತ್ಯಾಸ ಇನ್ನೆಲ್ಲೋ ಇದೆ. ಯೇಸುವಿನ ಮಾತು ಎಲ್ಲರಿಗೂ ಒಂದೇ: ಮೀನುಗಾರನಿಗೂ, ಸುಂಕದವನಿಗೂ ಬೇರೆ ಬೇರೆ ರೇಟಿಲ್ಲ. ಆದರೆ ಅದರ ಅಂಗಳದಲ್ಲಿ ಮನುಷ್ಯರಷ್ಟೇ ಇದ್ದಾರೆ. ಹಿಂದೂ ಅಹಿಂಸೆಯ ಅಂಗಳದಲ್ಲಿ ಇರುವೆಗೂ ಜಾಗವಿದೆ, ಆದರೆ ಒಳಗೆ ಬರುವವರಿಗೆ ವರ್ಣ, ಆಶ್ರಮ ನೋಡಿ ಬೇರೆ ಬೇರೆ ಬಾಗಿಲು. ಅರಣ್ಯಪರ್ವದ ಧರ್ಮವ್ಯಾಧ ಮಿಥಿಲೆಯಲ್ಲಿ ಮಾಂಸ ಮಾರುತ್ತಲೇ ಬ್ರಾಹ್ಮಣ ಕೌಶಿಕನಿಗೆ ಧರ್ಮ ಹೇಳುತ್ತಾನೆ. ನೇಗಿಲು ನೆಲಕ್ಕೆ ಇಳಿದರೆ ಎಷ್ಟು ಜೀವ ಸಾಯುತ್ತವೆ, ಹಿಂಸೆ ಮಾಡದವನು ಯಾರಿದ್ದಾನೆ ಎಂದು ಕೇಳುತ್ತಾನೆ. ಎರೆಮಣ್ಣಿನಲ್ಲಿ ರಂಟೆ, ಕುಂಟೆ ಹೊಡೆದ ಮನೆಯವನಾಗಿ ನನಗೆ ಈ ಪ್ರಶ್ನೆಗೆ ಉತ್ತರ ಹೊಳೆದಿಲ್ಲ.

ಗೀತೆಯನ್ನೇ ಹಿಡಿದು ತಿಲಕರು ಕರ್ಮದ ಕಡೆ, ಗಾಂಧೀಜಿ ಅಹಿಂಸೆಯ ಕಡೆ ಹೋದರು. ಗಾಂಧೀಜಿ ಯೇಸುವಿನ ಪರ್ವತ ಪ್ರಸಂಗವನ್ನೂ (ಕೆನ್ನೆಯ ಮಾತು ಇರುವುದು ಅದರಲ್ಲೇ), ಅಹಿಂಸೆ ಸಾರಿದ ರಷ್ಯದ ಲೇಖಕ ಟಾಲ್‌ಸ್ಟಾಯ್‌ನನ್ನೂ ಓದಿದ್ದರು. ಧಾರವಾಡದಲ್ಲಿ ಆಲೂರು ವೆಂಕಟರಾಯರು ತಿಲಕರ ಗೀತಾರಹಸ್ಯವನ್ನು ಕನ್ನಡಕ್ಕೆ ತಂದರು. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ ಗಾಂಧೀಜಿಯ ಹಿಂದೆ ದಂಡಿಗೆ ನಡೆದವರು. 1943ರ ಏಪ್ರಿಲ್ 1ರಂದು ಅದೇ ಮಹಾದೇವಪ್ಪ ಹೊಸರಿತ್ತಿಯಲ್ಲಿ ಸರ್ಕಾರದ ಕಂದಾಯದ ಹಣಕ್ಕಾಗಿ ನುಗ್ಗಿದಾಗ ಪೊಲೀಸರ ಗುಂಡಿಗೆ ಬಿದ್ದರು. ಹಾವೇರಿ ರೈಲು ನಿಲ್ದಾಣಕ್ಕೆ ಈಗ ಅವರ ಹೆಸರಿದೆ. ಮುಂದಿನ ಟೆಸ್ಟಿನಲ್ಲಿ ಅವರನ್ನು ಯಾವ ಕಾಲಂನಲ್ಲಿ ಬರೆಯಬೇಕು ಎಂದು ರೂಮಿನಲ್ಲಿ ಇಬ್ಬರೂ ರಾತ್ರಿ ಒಂದರ ತನಕ ಜಗಳಾಡಿ, ಕಡೆಗೆ ಕಾಲಂ ಗೆರೆಯನ್ನೇ ಅಳಿಸಿ ಮಲಗಿದೆವು.