ನಡ ಹಿಡಿದ ಮಗುವನ್ನು ಬಾಗಿಸುವ ಮೊದಲು

ಗದಗ, ಹಾವೇರಿ, ಧಾರವಾಡದ ಕಡೆ ಔಡಲೆಣ್ಣೆ ಸವರಿದ ಮಲ್ಲಕಂಬ ಏರುವ ಮಕ್ಕಳಿರಲಿ, ಮ್ಯಾಟ್ ಮೇಲೆ ಪಲ್ಟಿ ಹೊಡೆಯುವ ಜಿಮ್ನಾಸ್ಟ್ ಮಕ್ಕಳಿರಲಿ, ‘ನಡ ಹಿಡದೈತ್ರೀ ಸರ್’ ಎಂಬ ದೂರು ಇಬ್ಬರದೂ ಹೌದು. ಸ್ನಾಯು ಬಿಗಿದಿದೆ, ಎಣ್ಣೆ ತಿಕ್ಕಿ, ಇನ್ನಷ್ಟು ಬಾಗಿಸಿದರೆ ಸಡಿಲಾಗುತ್ತದೆ ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. ಸ್ನಾಯು ಬಿಗಿದಿರುವುದು ನಿಜ. ಯಾಕೆ ಬಿಗಿಯಿತು ಎಂದು ನೋಡದೆ ಬೆನ್ನನ್ನೇ ಬಾಗಿಸಲು ಹೊರಡುವುದು ಮಾತ್ರ ಬೆಳೆಯುವ ಮಗುವಿಗೆ ಅಪಾಯ.

ಹುಡುಗಿಯರು 12ರ, ಹುಡುಗರು 14ರ ಆಸುಪಾಸಿನಲ್ಲಿ ವರ್ಷಕ್ಕೆ 8–9 ಸೆಂಟಿಮೀಟರ್ ಎತ್ತರ ಬೆಳೆಯುವುದುಂಟು. ಇಷ್ಟು ಬೇಗ ಉದ್ದವಾಗುವ ಎಲುಬಿಗೆ ಹೊಂದಿಕೊಳ್ಳಲು ಸ್ನಾಯುಗಳಿಗೆ ಕಾಲ ಬೇಕಾಗಬಹುದು. ಇಲ್ಲಿ ಮುಖ್ಯವಾದದ್ದು ಸೋಯಸ್ ಎಂಬ ಸ್ನಾಯು. ಸೊಂಟದ ಕಶೇರುಗಳ (ಬೆನ್ನೆಲುಬಿನ ಮಣಿಗಳ) ಪಕ್ಕದಲ್ಲಿ ಹುಟ್ಟಿ, ಹೊಟ್ಟೆಯ ಆಳದಲ್ಲಿ ಇಳಿದು, ತೊಡೆ ಎಲುಬಿನ ಒಳಬದಿಗೆ ಅಂಟುತ್ತದೆ. ಅದು ಬಿಗಿದಿದ್ದರೆ ತೊಡೆ ಹಿಂದಕ್ಕೆ ಸರಾಗವಾಗಿ ಹೋಗದು. ಬೆನ್ನಿನಿಂದ ತೋಳಿಗೆ ಹೋಗುವ ಅಗಲವಾದ ಸ್ನಾಯು ಬಿಗಿದಿದ್ದರೆ ಭುಜವೂ ಪೂರ್ತಿ ತೆರೆಯದು. ಆಗ ಚಕ್ರಾಸನದಂಥ ಭಂಗಿಯಲ್ಲಿ ಸೊಂಟದ ಕೀಲು, ಭುಜ, ಎದೆಯ ಹಿಂದಿನ ಮೇಲ್ಬೆನ್ನು ಹಂಚಿಕೊಳ್ಳಬೇಕಾದ ಬಾಗು ಕೆಳಗಿನ ಎರಡು ಕಶೇರುಗಳ ಮೇಲೆ ಬೀಳುತ್ತದೆ. ನೋವು ನಡದಲ್ಲಿ, ಕಾರಣ ಅದರ ಮೇಲೆ-ಕೆಳಗೆ.

ತಂತಿಯನ್ನು ಒಂದೇ ಕಡೆ ಮತ್ತೆ ಮತ್ತೆ ಬಾಗಿಸಿದರೆ ಸೀಳು ಬಿಡುವಂತೆ, ಕಶೇರುವಿನ ಹಿಂಭಾಗದ ಸಣ್ಣ ಸೇತುವೆಯಂಥ ಎಲುಬಿನಲ್ಲೂ ಬಿರುಕು ಬಿಡಬಹುದು. ಹೆಚ್ಚಾಗಿ ಸೊಂಟದ ಐದನೆಯ, ಅಂದರೆ ಕೊನೆಯ ಕಶೇರುವಿನಲ್ಲಿ. ಇದು ಅಪರೂಪವಲ್ಲ. 1995ರಲ್ಲಿ ಪ್ರಕಟವಾದ ಬಾಸ್ಟನ್ ವೈದ್ಯರ ಅಧ್ಯಯನವೊಂದರಲ್ಲಿ, ನಡನೋವೆಂದು ಬಂದ 100 ಹದಿಹರೆಯದ ಆಟಗಾರರಲ್ಲಿ 47 ಮಂದಿಗೆ ಈ ಬಿರುಕಿತ್ತು. ಹೋಲಿಸಿ ನೋಡಿದ ವಯಸ್ಕರಲ್ಲಿ 100ಕ್ಕೆ 5. ಬಿರುಕಿದ್ದಾಗ ತೊಡೆ ಹಿಂಭಾಗದ ಸ್ನಾಯುಗಳು ಸೆಟೆದುಕೊಳ್ಳುವುದು ಸಾಮಾನ್ಯ. ಅಂದರೆ ನಾವು ರೋಗವೆಂದುಕೊಂಡ ಬಿಗಿತ, ಎಲುಬಿನ ತೊಂದರೆಯ ಗುರುತೂ ಆಗಿರಬಹುದು.

ಆದ್ದರಿಂದ ಹಿಂದಕ್ಕೆ ಬಾಗಿದಾಗ ನೋವು ಹೆಚ್ಚುತ್ತಿದ್ದರೆ, ಎರಡು-ಮೂರು ವಾರವಾದರೂ ಹೋಗದಿದ್ದರೆ, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಅಂಥ ದೊಡ್ಡ ಆಸ್ಪತ್ರೆಯ ಎಲುಬು-ಕೀಲು ವಿಭಾಗದಲ್ಲಿ ತೋರಿಸಬೇಕು. ಆರಂಭದ ಬಿರುಕು ಎಕ್ಸ್‌ರೇಯಲ್ಲಿ ಕಾಣದಿರಬಹುದು, ಎಂಆರ್‌ಐ ಬೇಕಾದೀತು. ರಾತ್ರಿ ನಿದ್ದೆಗೆಡಿಸುವ ನೋವು, ಜ್ವರ, ಕಾಲಿನ ಜೋಮು ಅಥವಾ ಶಕ್ತಿಗುಂದುವುದು, ಮೂತ್ರದ ತೊಂದರೆ ಕಂಡರೆ ಒಂದು ದಿನವೂ ಕಾಯಬಾರದು.

ಬಿರುಕಿಲ್ಲ, ಬರೀ ಬಿಗಿತ ಎಂದು ಖಾತ್ರಿಯಾದರೆ ಕೆಲಸ ನಿಧಾನದ್ದು, ಆದರೆ ಕಷ್ಟದ್ದಲ್ಲ. ಮಗು ಮೇಜಿನ ಅಂಚಿಗೆ ಅಂಗಾತ ಮಲಗಿ ಒಂದು ಮೊಣಕಾಲನ್ನು ಎದೆಗೆ ಅಪ್ಪಿಕೊಳ್ಳಲಿ. ಇನ್ನೊಂದು ತೊಡೆ ಮೇಲಕ್ಕೆದ್ದರೆ ಆ ಬದಿಯ ಸೊಂಟದ ಮುಂಭಾಗದ ಸ್ನಾಯು ಬಿಗಿದಿದೆ. ಅದಕ್ಕೆ ಒಂದು ಮೊಣಕಾಲೂರಿ, ಅದೇ ಬದಿಯ ಪೃಷ್ಠವನ್ನು ಬಿಗಿಹಿಡಿದು, ನಡ ಬಾಗಿಸದೆ ಸೊಂಟವನ್ನು ತುಸು ಮುಂದೆ ತಂದು 30 ಸೆಕೆಂಡ್ ನಿಲ್ಲಬೇಕು. ಎಳೆತ ತೊಡೆಸಂದಿಯಲ್ಲಿ ಗೊತ್ತಾಗಬೇಕು, ನಡದಲ್ಲಿ ಅಲ್ಲ. ಜೊತೆಗೆ ಹೊಟ್ಟೆಗೆ ಬಲ ಬೇಕು: ಅಂಗಾತ ಮಲಗಿ ನಡವನ್ನು ನೆಲಕ್ಕೆ ಒತ್ತಿಕೊಂಡು ಮೇಲೆತ್ತಿದ ಕೈಕಾಲುಗಳನ್ನು ಬಲಗೈ-ಎಡಗಾಲು, ಎಡಗೈ-ಬಲಗಾಲು ಹೀಗೆ ನಿಧಾನಕ್ಕೆ ಇಳಿಸುವುದು, ಮೊಣಕೈ ಮೇಲೆ ಪ್ಲ್ಯಾಂಕ್ (ಮೈಯನ್ನು ಹಲಗೆಯಂತೆ ನೆಟ್ಟಗೆ ಹಿಡಿದಿಡುವುದು). ಸಡಿಲವಾದ ಸೊಂಟವನ್ನು ಹಿಡಿದಿಡುವ ಬಲ ಇಲ್ಲದಿದ್ದರೆ ಬೆನ್ನು ಮತ್ತೆ ತಾನೇ ದುಡಿಯುತ್ತದೆ.

ಹಾಸಿಗೆ ಹಿಡಿಸುವುದು ಬೇಡ. ನೋವು ತರುವ ಬ್ಯಾಕ್ ಬ್ರಿಡ್ಜ್ (ಚಕ್ರಾಸನದಂಥ ಭಂಗಿ), ಹಿಮ್ಮುಖ ಪಲ್ಟಿ ನಿಲ್ಲಿಸಿ ಉಳಿದ ಅಭ್ಯಾಸ ಮುಂದುವರಿಸಬಹುದು. ಬಿರುಕಿದ್ದವರಿಗೆ ಆಟದಿಂದ ಸಾಮಾನ್ಯವಾಗಿ ಮೂರು ತಿಂಗಳ ಬಿಡುವು ಬೇಕಾಗುತ್ತದೆ. ಬೋರಲು ಮಲಗಿದ ಮಗುವಿನ ಬೆನ್ನ ಮೇಲೆ ಕುಳಿತು ಕಾಲು ಎತ್ತಿ ‘ಓಪನ್’ ಮಾಡಿಸುವ ಪದ್ಧತಿ ಮಾತ್ರ ನಿಲ್ಲಲೇಬೇಕು. ಅಲ್ಲಿ ತೆರೆಯುವುದು ಸೊಂಟದ ಕೀಲಲ್ಲ, ಸೋಲುವುದು ಅದೇ ಕೆಳಗಿನ ಕಶೇರು. ತರಬೇತುದಾರರು ತಿಂಗಳಿಗೊಮ್ಮೆ ಮಕ್ಕಳ ಎತ್ತರ ಬರೆದಿಟ್ಟುಕೊಂಡರೆ, ಯಾರು ಸರಸರನೆ ಬೆಳೆಯುತ್ತಿದ್ದಾರೆಂದು ತಿಳಿದು ಅವರ ಹಿಂಬಾಗುವ ಅಭ್ಯಾಸವನ್ನು ಅಷ್ಟು ಕಾಲ ಇಳಿಸಬಹುದು.