ಅಧ್ಯಯನ ಟಿಪ್ಪಣಿ: ಜ್ಯೇಷ್ಠಮಧುವಿನ ಗ್ಲಿಸಿರೈಜಿನ್ ಒಡೆಯುವ ಬೂಸ್ಟು

ಜ್ಯೇಷ್ಠಮಧುವಿನ ಬೇರಿಗೆ ಸಿಹಿ ಬರುವುದು ಗ್ಲಿಸಿರೈಜಿನ್‌ನಿಂದ. ಗ್ಲಿಸಿರೆಟಿನಿಕ್ ಆಮ್ಲಕ್ಕೆ ಎರಡು ಗ್ಲುಕುರೋನಿಕ್ ಆಮ್ಲ ಸಾಲಾಗಿ ಪೋಣಿಸಿದ ಅಣು ಅದು. ಆ ಗಂಟು ಬಿಚ್ಚುವ ಕಿಣ್ವ ಬೀಟಾ-ಗ್ಲುಕುರೊನಿಡೇಸ್. ಆಸ್ಪರ್ಜಿಲಸ್ ಎಂಬ ಬೂಸ್ಟಿನ ಕೆಲವು ತಳಿಗಳು ಎರಡು ಗ್ಲುಕುರೋನಿಕ್ ಆಮ್ಲವನ್ನೂ ಕಳಚುತ್ತವೆ, ಪೆನಿಸಿಲಿಯಂ ಎಂಬ ಬೂಸ್ಟಿನ ಕೆಲವು ತಳಿಗಳು ತುದಿಯ ಒಂದನ್ನಷ್ಟೇ. ಒಂದು ಉಳಿದದ್ದು ಮೂಲಕ್ಕಿಂತಲೂ ಸಿಹಿ. ಎಲ್ಲ ತಳಿಯಲ್ಲೂ ಈ ಕಿಣ್ವ ಇರುವುದಿಲ್ಲ, ಮೊದಲೇ ಪರೀಕ್ಷಿಸಿಕೊಳ್ಳಿ. ಇಲ್ಲಿ ಹೇಳುವುದು ಎರಡನ್ನೂ ಕಳಚುವ ಬೂಸ್ಟನ್ನು ಬೆಳೆಸಿ ಗ್ಲಿಸಿರೆಟಿನಿಕ್ ಆಮ್ಲ ಪಡೆಯುವ ಬಗೆ.

ಸಿಂಧನೂರು, ಗಂಗಾವತಿ ಕಡೆಯವರಿಗೆ ರೈಸ್ ಮಿಲ್ಲಿನ ತೌಡು ಬೂಸ್ಟು ಬೆಳೆಸಲು ಕೈಗೆಟಕುವ ಮಾಧ್ಯಮ. ಬರೀ ತೌಡು ನೆನೆದರೆ ಮುದ್ದೆಯಾಗಿ ಗಾಳಿಯಾಡುವುದಿಲ್ಲ. ಮೂರು ಪಾಲು ತೌಡಿಗೆ ಒಂದು ಪಾಲು ಭತ್ತದ ಹೊಟ್ಟು ಬೆರೆಸಿ. 250 ಮಿ.ಲೀ. ಫ್ಲಾಸ್ಕಿಗೆ ಈ ಮಿಶ್ರಣ 10 ಗ್ರಾಂ. 100 ಮಿ.ಗ್ರಾಂ ಗ್ಲಿಸಿರೈಜಿನ್ ಅಮೋನಿಯಂ ಲವಣವನ್ನು 10 ಮಿ.ಲೀ. ಬಿಸಿನೀರಲ್ಲಿ ಕರಗಿಸಿ ಕಲಸಿ. ಮುಷ್ಟಿಯಲ್ಲಿ ಅದುಮಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ಪಿಎಚ್ 5ರ ಆಸುಪಾಸು ಇರಲಿ. 4ಕ್ಕಿಂತ ಕೆಳಗಿಳಿದರೆ ಲವಣ ಲೋಳೆಯಾಗಿ ಹೆಪ್ಪುಗಟ್ಟುತ್ತದೆ. ಚೆನ್ನಾಗಿ ಬೆಳೆಯಲಿ ಎಂದು ಸಕ್ಕರೆ ಹಾಕಬೇಡಿ: ಸುಲಭದ ಊಟ ಸಿಕ್ಕಾಗ ಬೂಸ್ಟು ಈ ಕಿಣ್ವ ತಯಾರಿಸುವ ಗೋಜಿಗೆ ಹೋಗುವುದಿಲ್ಲ. 121 ಡಿಗ್ರಿಯಲ್ಲಿ 30 ನಿಮಿಷ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿ ಕೊಲ್ಲುವ ಪಾತ್ರೆ), ಪೂರ್ತಿ ಆರಿದ ಮೇಲೆ ಗ್ರಾಂಗೆ ಸುಮಾರು 10 ಲಕ್ಷ ಬೀಜಕ, 28–30 ಡಿಗ್ರಿಯಲ್ಲಿ 5ರಿಂದ 7 ದಿನ.

ನಮ್ಮ ಕಡೆ ಕೆಡುವುದು ಇಲ್ಲೇ. ಮೇ ತಿಂಗಳ ರಾಯಚೂರು, ಬಳ್ಳಾರಿಯ ಬಿಸಿಲು 40 ದಾಟುತ್ತದೆ. ಸಾದಾ ಇನ್‌ಕ್ಯುಬೇಟರಿಗೆ ಕಾಯಿಸುವುದು ಗೊತ್ತು, ತಣಿಸುವುದು ಗೊತ್ತಿಲ್ಲ. ತಣಿಸಲೂ ಬಲ್ಲ ಬಿಒಡಿ ಇನ್‌ಕ್ಯುಬೇಟರೇ ಬೇಕು. ಬೆಳೆಯುವ ಬೂಸ್ಟು ತಾನೂ ಶಾಖ ಬಿಡುತ್ತದೆ, ಆದ್ದರಿಂದ ಪದರ 2 ಸೆಂ.ಮೀ. ಮೀರದಿರಲಿ. ಕಪ್ಪು ಬಣ್ಣದ ಆಸ್ಪರ್ಜಿಲಸ್ ನೈಜರ್ ಬಿತ್ತಿದ ಕಡೆ ಹಳದಿ-ಹಸಿರು ಕಂಡರೆ ಅಫ್ಲಾಟಾಕ್ಸಿನ್ ವಿಷ ಬಿಡುವ ಆಸ್ಪರ್ಜಿಲಸ್ ಫ್ಲೇವಸ್ ಇರಬಹುದು. ಫ್ಲಾಸ್ಕ್ ತೆರೆಯದೆ ಹಾಗೇ ಆಟೋಕ್ಲೇವಿಗೆ ಹಾಕಿ.

ಇನ್ನು ಇಳುವರಿ. ಗ್ಲಿಸಿರೆಟಿನಿಕ್ ಆಮ್ಲ ನೀರಲ್ಲಿ ಕರಗುವುದೇ ಇಲ್ಲವೆನ್ನಬಹುದು, ತೌಡಿಗೂ ಬೂಸ್ಟಿನ ಎಳೆಗಳಿಗೂ ಅಂಟಿ ಕೂರುತ್ತದೆ. ಸೋಸಿದ ನೀರನ್ನಷ್ಟೇ ನೋಡಿ “ಏನೂ ಆಗಿಲ್ಲ” ಎಂದು ಬರೆದಿಟ್ಟವರು ಬಹಳ. ಇಡೀ ರಾಶಿಯನ್ನೇ ಈಥೈಲ್ ಅಸಿಟೇಟಿನಲ್ಲಿ ಎರಡು-ಮೂರು ಸಲ ಕಲಕಿ ತೆಗೆಯಿರಿ. ಟಿಎಲ್‌ಸಿ (ತೆಳು ಪದರದಲ್ಲಿ ವಸ್ತುಗಳನ್ನು ಬೇರ್ಪಡಿಸುವ ವಿಧಾನ) ತಟ್ಟೆಯಲ್ಲಿ 254 ನ್ಯಾನೊಮೀಟರ್ ನೇರಳಾತೀತ ಬೆಳಕಿಗೆ ಈ ಆಮ್ಲ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಹೋಲಿಕೆಗೆ ಬೂಸ್ಟು ಹಾಕದ ಫ್ಲಾಸ್ಕ್ ಒಂದು, ಲವಣ ಹಾಕದ್ದು ಒಂದು, ಪಕ್ಕದಲ್ಲೇ ನಡೆಸಿ.

ಲೆಕ್ಕ ತೂಕದಲ್ಲಿ ಬೇಡ, ಮೋಲ್‌ನಲ್ಲಿ ಮಾಡಿ. ಲವಣದ ಅಣುತೂಕ 840, ಗ್ಲಿಸಿರೆಟಿನಿಕ್ ಆಮ್ಲದ್ದು 470.7. 100 ಮಿ.ಗ್ರಾಂಗೆ ಹೆಚ್ಚೆಂದರೆ 56 ಮಿ.ಗ್ರಾಂ. 42 ಸಿಕ್ಕಿದ್ದರೆ ಇಳುವರಿ ಶೇ. 75.