ಗಿಡ ಗುರುತಿಸುವವರನ್ನು ಬೆಳೆಸುವುದು ಹೇಗೆ?

ಗಣಿ, ಅಣೆಕಟ್ಟುಗಳ ಪರಿಸರ ವರದಿ ಕೈಗೆ ಬಂದರೆ ನಾನು ಮೊದಲು ತೆಗೆಯುವುದು ಸಸ್ಯಗಳ ಪಟ್ಟಿಯನ್ನು. ಗಿಡದ ಕುಲದ (ಜೀನಸ್) ಹೆಸರು ಬರೆದು ಮುಂದೆ ‘ಎಸ್‌ಪಿ.’, ಅಂದರೆ ಅದರೊಳಗಿನ ಯಾವುದೋ ಒಂದು ಪ್ರಭೇದ, ಎಂದಷ್ಟೇ ಬಿಟ್ಟ ಸಾಲುಗಳು ಜಾಸ್ತಿ ಇದ್ದರೆ, ಗಿಡ ಕಂಡಿದೆ, ಯಾವುದೆಂದು ಹೇಳುವವರು ಸಿಕ್ಕಿಲ್ಲ ಎಂದರ್ಥ. ಅಪರೂಪದ್ದು ಕೈತಪ್ಪುವುದು ಅಂಥ ಸಾಲಿನಲ್ಲೇ.

ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನ್ ಕಾಡನ್ನೇ ನೋಡಿ. ಅಲ್ಲಿನ ರಾಮಪತ್ರೆ ಜಡ್ಡಿಯಲ್ಲಿ, ಅಂದರೆ ರಾಮಪತ್ರೆ ಮರಗಳಿರುವ ಜೌಗು ಕಾಡಿನಲ್ಲಿ, ಬೆಳೆಯುವ, ಗೇರಿನ ಬಳಗದ ದೊಡ್ಡ ಮರವೊಂದಕ್ಕೆ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಹೆಸರು ಸಿಕ್ಕಿದ್ದು 2000ನೇ ಇಸವಿಯಲ್ಲಿ. ಅದೇ ಕಾಡಿನ ಕುಂಬಾರ ಕಪ್ಪೆಗೆ, ಮೊಟ್ಟೆಗೆ ಮಣ್ಣು ಮೆತ್ತುತ್ತದಲ್ಲ ಅದಕ್ಕೆ, 2014ರಲ್ಲಿ. ಕಪ್ಪೆ ಕಣ್ತಪ್ಪಿತು ಅನ್ನೋಣ. ಅಷ್ಟೆತ್ತರದ ಮರ? ಎಷ್ಟು ಉಳಿದಿವೆ ಎಂದು ಎಣಿಸಿ, ಸಸಿ ಬೆಳೆಸುವ ಕೆಲಸ ಶುರುವಾಗಿದ್ದು ಹೆಸರು ಸಿಕ್ಕ ಮೇಲೆ.

ಗಿಡ ಗುರುತಿಸುವ ಈ ಕಣ್ಣು ಒಂದು ವಾರದ ತರಬೇತಿಯಲ್ಲಿ ಬರುವುದಿಲ್ಲ. ಹೂವಿನ ಭಾಗಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕು, ಅಂಡಾಶಯ ಅಡ್ಡ ಕೊಯ್ದು ಲೆನ್ಸ್‌ನಲ್ಲಿ ನೋಡಬೇಕು, ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ ಕಾಪಾಡುವ ಹರ್ಬೇರಿಯಂನ ಹಳೆಯ ಹಾಳೆಗಳ ಜೊತೆ ಇಟ್ಟು ಹೋಲಿಸಬೇಕು. ಪಕ್ಕದಲ್ಲಿ ‘ಅಲ್ಲ, ಮತ್ತೆ ನೋಡು’ ಅನ್ನುವವರೊಬ್ಬರು ಇರಬೇಕು. ಬ್ರಿಟಿಷರ ಕಾಲದಲ್ಲಿ ಇಲ್ಲಿಂದ ಹೋದ ಎಷ್ಟೋ ಮೂಲ ಮಾದರಿಗಳು (ಒಂದು ಪ್ರಭೇದಕ್ಕೆ ಹೆಸರಿಡುವಾಗ ಆಧಾರವಾಗಿಟ್ಟುಕೊಂಡ ಗಿಡಗಳು) ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿವೆ. ಈಗ ಅವುಗಳ ಫೋಟೊ ಆನ್‌ಲೈನಿನಲ್ಲಿ ಸಿಗುತ್ತದೆ, ಒಳ್ಳೆಯದೇ. ಆದರೆ ಫೋಟೊದೊಳಗಿನ ಹೂವನ್ನು ಬಿಡಿಸಿ ನೋಡೋಕಾಗಲ್ಲ ಅಲ್ವಾ? ಇಲ್ಲೇ ಒಳ್ಳೆಯ ಸಂಗ್ರಹ ಬೇಕು. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಫಾದರ್ ಸೆಸಿಲ್ ಸಲ್ಡಾನಾ, ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಡ್ಯಾನ್ ನಿಕೊಲ್ಸನ್ ಜೊತೆ ಸೇರಿ ಹಾಸನ ಜಿಲ್ಲೆಯ ಸಸ್ಯಗಳ ಪುಸ್ತಕ ತಂದರು, 1976ರಲ್ಲಿ. ಹೊರಗಿನ ನೆರವು ಬಂತು, ಸಂಗ್ರಹ ಬೆಂಗಳೂರಿನಲ್ಲೂ ಉಳಿಯಿತು. ಸಹಯೋಗ ಅಂದರೆ ಹೀಗಿರಬೇಕು.

ಮಧ್ಯ ಅಮೆರಿಕದ ಕೋಸ್ಟರಿಕಾದಲ್ಲಿ 1989ರಲ್ಲಿ ಹುಟ್ಟಿದ ಇನ್‌ಬಯೊ ಸಂಸ್ಥೆ ಹಳ್ಳಿಯವರಿಗೇ ಕಲಿಸಿ, ಸಂಬಳ ಕೊಟ್ಟು, ಕೀಟ ಮತ್ತು ಸಸ್ಯ ಸಂಗ್ರಹಕ್ಕೆ ಹಚ್ಚಿತು. ಕೆಲಸ ಚೆನ್ನಾಗಿಯೇ ನಡೆಯಿತು. ಆಮೇಲೆ ದುಡ್ಡಿನ ಮುಗ್ಗಟ್ಟು. 2015ರಲ್ಲಿ ಸಂಗ್ರಹವೆಲ್ಲ ಅಲ್ಲಿನ ರಾಷ್ಟ್ರೀಯ ಮ್ಯೂಸಿಯಂಗೆ ಹೋಯಿತು.

ನಮ್ಮಲ್ಲೂ ಪ್ರಾಜೆಕ್ಟ್ ಮುಗಿದ ದಿನ, ಒಂದು ಸಸ್ಯ ಕುಟುಂಬದಲ್ಲಿ ಆಗಷ್ಟೇ ಕೈ ಪಳಗುತ್ತಿದ್ದ ಹುಡುಗಿ ಬೇರೆ ಕೆಲಸ ಹುಡುಕುತ್ತಾಳೆ. ತೊಗಟೆಗೆ ಕಚ್ಚು ಹಾಕಿ, ಸೋನೆ ನೋಡಿ ಮರ ಹೇಳುವ ಫಾರೆಸ್ಟ್ ವಾಚರ್‌ನ ಹೆಸರು ವರದಿಯಲ್ಲಿ ಬರುವುದೇ ಅಪರೂಪ. ನನ್ನನ್ನು ಕೇಳಿದರೆ, ಇನ್ನೊಂದು ಕಾರ್ಯಾಗಾರಕ್ಕಿಂತ ಮೊದಲು ಹರ್ಬೇರಿಯಂಗಳಲ್ಲಿ ಕಾಯಂ ಹುದ್ದೆ ಬೇಕು. ಪರಿಸರ ವರದಿ ಬರೆಯುವವರು ತಮಗೆ ಗೊತ್ತಾಗದ ಗಿಡದ ಒಣಗಿಸಿದ ಮಾದರಿಯನ್ನು ಅಲ್ಲಿಗೆ ಕೊಡಲೇಬೇಕು ಎಂಬ ನಿಯಮ ಬರಲಿ. ಪರೀಕ್ಷಿಸುವ ಖರ್ಚು ಯೋಜನೆ ಮಾಡುವವರದ್ದೇ.